ಡೀಸೆಲ್ ಪಂಪು ನಿಜವಾಗಿಯೂ ಕೆಟ್ಟಿದೆಯೇ? ಪಿಕಪ್ ಮಾಲೀಕರಿಗೆ ದೋಷ ನಿವಾರಣೆ ಕೈಪಿಡಿ

ಹಾಸನದಿಂದ ಸಕಲೇಶಪುರದತ್ತ, ಚಿಕ್ಕಮಗಳೂರಿನಿಂದ ಕೈಮರದ ಏರಿನತ್ತ ಹೊರೆ ಹೊತ್ತು ಹೋಗುವ ಪಿಕಪ್‌ಗಳಲ್ಲಿ ಡೀಸೆಲ್ ಸರಬರಾಜಿನ ಕೊರತೆ ಬಹಳ ದಿನ ಅಡಗಿರಲಾರದು. ಬಯಲುಸೀಮೆಯ ಸಮತಟ್ಟಾದ ರಸ್ತೆಯಲ್ಲಿ ತಿಂಗಳುಗಟ್ಟಲೆ ಗೊತ್ತೇ ಆಗದ ದೋಷ, ಕಾಫಿ ಮೂಟೆ ಹೇರಿಕೊಂಡು ಎರಡನೇ ಗೇರಿನಲ್ಲಿ ತಿರುವು ಹತ್ತುವಾಗ ಒಮ್ಮೆಲೇ ಬಯಲಿಗೆ ಬೀಳುತ್ತದೆ. ಗಾಡಿ ಎಳೆಯುವುದಿಲ್ಲ, ಆಕ್ಸಿಲರೇಟರ್ ಒತ್ತಿದರೂ ವೇಗ ಏರುವುದಿಲ್ಲ, ಕೊನೆಗೆ ಆಫ್ ಆಗಿ ನಿಲ್ಲುತ್ತದೆ. ಸುತ್ತ ನೆರೆದವರಲ್ಲಿ ಒಬ್ಬರಾದರೂ "ಪಂಪು ಹೋಗಿದೆ" ಎಂದು ತೀರ್ಪು ಕೊಟ್ಟೇ ಕೊಡುತ್ತಾರೆ.

ಆ ತೀರ್ಪನ್ನು ನಂಬಿ ನಾನೂ ಒಮ್ಮೆ ಹಣ ಕಳೆದುಕೊಂಡಿದ್ದೇನೆ. ನಮ್ಮ ಮನೆಯ ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಮಾಡುತ್ತಿದ್ದಾಗ ಪಂಪು ಬಿಚ್ಚಿಸಿ, ಕ್ಯಾಲಿಬ್ರೇಷನ್‌ಗೆ ಕಳಿಸಿ, ಎಂಟು ದಿನ ಬಾಡಿಗೆ ಗಾಡಿಯಲ್ಲಿ ಕೆಲಸ ನಡೆಸಿದೆವು. ಪಂಪು ಮರಳಿ ಕೂತ ಮಾರನೆಯ ಬೆಳಿಗ್ಗೆ ಅದೇ ತಕರಾರು. ಕೊನೆಗೆ ಸಿಕ್ಕಿದ್ದು ಟ್ಯಾಂಕಿನ ಬಳಿಯ ರಬ್ಬರ್ ಪೈಪಿನ ಮೇಲ್ಭಾಗದಲ್ಲಿ ಇಲಿ ಕಡಿದ ಗುರುತು. ಸೂಜಿಯ ಮೊನೆಯಷ್ಟು ತೂತು, ಒಂದು ಹನಿ ಡೀಸೆಲ್ ಕೂಡ ಹೊರಗೆ ಜಿನುಗಿರಲಿಲ್ಲ. ಆದ್ದರಿಂದ ಈ ಬರಹದಲ್ಲಿ ಪಂಪನ್ನು ಕೊನೆಯ ಆರೋಪಿಯಾಗಿ ಇರಿಸಿಕೊಂಡು, ಕಾಸು ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿದ್ದೇನೆ.

ಪಂಪು ಎಂದರೆ ಯಾವುದು?

ಗಾಡಿಯಲ್ಲಿ ಸಾಮಾನ್ಯವಾಗಿ ಪಂಪಿನ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಟ್ಯಾಂಕಿನಿಂದ ಡೀಸೆಲನ್ನು ಎಳೆದು ಫಿಲ್ಟರ್ ದಾಟಿಸಿ ಮುಂದಕ್ಕೆ ತಳ್ಳುವುದು ಫೀಡ್ ಪಂಪು. ಇದು ಕೆಲವು ಗಾಡಿಗಳಲ್ಲಿ ಟ್ಯಾಂಕಿನ ಒಳಗೆ ಕೂತ ವಿದ್ಯುತ್ ಪಂಪಾಗಿರುತ್ತದೆ, ಕೆಲವುಗಳಲ್ಲಿ ಎಂಜಿನ್ ಬದಿಗೆ ಬೋಲ್ಟ್ ಮಾಡಿದ ಯಾಂತ್ರಿಕ ಪಂಪಾಗಿರುತ್ತದೆ, ಇನ್ನು ಕೆಲವುಗಳಲ್ಲಿ ದೊಡ್ಡ ಪಂಪಿನ ಹೊಟ್ಟೆಯೊಳಗೇ ಸೇರಿಕೊಂಡಿರುತ್ತದೆ. ಎರಡನೆಯದು ಅಧಿಕ ಒತ್ತಡದ ಪಂಪು. ಹಳೆಯ ಎಂಜಿನ್‌ಗಳಲ್ಲಿ ಇದೇ ಪ್ರತಿ ಸಿಲಿಂಡರಿಗೂ ಸರಿಯಾದ ಕ್ಷಣದಲ್ಲಿ ಡೀಸೆಲ್ ಹಂಚುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ಎಫ್‌ಐಪಿ ಎನ್ನುತ್ತಾರೆ. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಇದರ ಕೆಲಸ ರೈಲ್ ಎಂಬ ಗಟ್ಟಿ ಕೊಳವೆಯಲ್ಲಿ ಒತ್ತಡ ತುಂಬುವುದಷ್ಟೇ. ಇಂಜೆಕ್ಟರ್ ಎಂಬ ಮೂತಿಗಳ ಮೂಲಕ ಯಾವಾಗ, ಎಷ್ಟು ಸಿಂಪಡಿಸಬೇಕೆಂಬುದನ್ನು ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ನಿರ್ಧರಿಸುತ್ತದೆ.

ಮೆಕ್ಯಾನಿಕ್ "ಪಂಪು ಬದಲಿಸಬೇಕು" ಎಂದಾಗ ಯಾವ ಪಂಪು ಎಂದು ಕೇಳುವುದು ಮೊದಲ ಕೆಲಸ, ಏಕೆಂದರೆ ಎರಡರ ಬೆಲೆಗೂ ಅಜಗಜಾಂತರವಿದೆ.

ಕೈ ಹಾಕುವ ಮುನ್ನ

ಕಾಮನ್ ರೈಲ್ ಗಾಡಿಯಲ್ಲಿ ಎಂಜಿನ್ ಓಡುತ್ತಿರುವಾಗ ರೈಲಿನ ಒತ್ತಡ ಸಾವಿರ ಬಾರ್ ಮೀರಬಲ್ಲದು. ಅಷ್ಟು ಒತ್ತಡದಲ್ಲಿ ಕೂದಲೆಳೆಯಷ್ಟು ಬಿರುಕಿನಿಂದ ಹೊರಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಮಾಂಸದೊಳಕ್ಕೆ ಇಳಿಯುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗುರುತು, ಆರಂಭದಲ್ಲಿ ನೋವೂ ಹೆಚ್ಚಿರುವುದಿಲ್ಲ, ಆದರೆ ಕೆಲವೇ ಗಂಟೆಗಳಲ್ಲಿ ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಹೀಗಾದರೆ ಅರಿಸಿನ ಮೆತ್ತಿ ಕೂರದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಬೇಕು. "ಅಧಿಕ ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ" ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಹುಡುಕಲು ಕೈ ಆಡಿಸಬಾರದು. ಉದ್ದನೆಯ ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಒತ್ತಡ ಇಳಿಯಲು ಕನಿಷ್ಠ 10 ನಿಮಿಷ ಬಿಡಬೇಕು. ತಯಾರಕರ ಕೈಪಿಡಿ ಅದಕ್ಕಿಂತ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಬೇಕು.

ಡೀಸೆಲ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ಎಂಬ ಧೈರ್ಯವೂ ಪೂರ್ತಿ ಸರಿಯಲ್ಲ. ನಮ್ಮಲ್ಲಿ ಮಾರಾಟವಾಗುವ ಡೀಸೆಲ್‌ನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣತೆಗೆ, ಅಂದರೆ ಫ್ಲಾಶ್ ಪಾಯಿಂಟ್‌ಗೆ ಮಾನದಂಡ ಹಾಕಿರುವ ಕನಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. ಬಿಸಿ ಟರ್ಬೋ ಮೇಲೆ ಬಿದ್ದ ಸಣ್ಣ ಸಿಂಪಡಣೆಯೂ ಬೆಂಕಿಯಾಗಬಹುದು. ಬೀಡಿ, ಸಿಗರೇಟು ದೂರವಿರಲಿ. ಸ್ಟಾರ್ಟ್ ಆಗದ ಎಂಜಿನ್ನಿನ ಏರ್ ಫಿಲ್ಟರಿಗೆ ಪೆಟ್ರೋಲ್ ಬಟ್ಟೆ ಹಿಡಿಯುವ ಅಥವಾ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವ ಅಭ್ಯಾಸ, ತಣ್ಣಗಿನ ಸಿಲಿಂಡರನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಇರುವ ಎಂಜಿನ್‌ಗಳಲ್ಲಿ ಸ್ಫೋಟಕ್ಕೆ ದಾರಿ ಮಾಡಿಕೊಡುತ್ತದೆ.

ಘಾಟಿಯಲ್ಲಿ ಕೆಟ್ಟು ನಿಂತವರಿಗೆ ಇನ್ನೊಂದು ಮಾತು. ಎಂಜಿನ್ ಆಫ್ ಆದೊಡನೆ ಬ್ರೇಕಿನ ವ್ಯಾಕ್ಯೂಮ್ ಸಹಾಯ ಒಂದೆರಡು ಒತ್ತುವಿಕೆಗೆ ಮುಗಿದುಹೋಗುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಶಿರಾಡಿ ಅಥವಾ ಚಾರ್ಮಾಡಿಯ ಇಳಿಜಾರಿನಲ್ಲಿ ಹೀಗಾದರೆ ಬ್ರೇಕನ್ನು ಪದೇಪದೇ ಒತ್ತಿ ಬಿಡದೆ ಒಂದೇ ಸಮನೆ ಬಲವಾಗಿ ಒತ್ತಿ ಹಿಡಿದು, ಗೇರಿನಲ್ಲಿಯೇ ಗಾಡಿಯನ್ನು ಬದಿಗೆ ತಂದು, ಚಕ್ರಕ್ಕೆ ಕಲ್ಲು ಕೊಟ್ಟು, ಮಂಜಿದ್ದರೆ ತಿರುವಿನ ಹಿಂದೆಯೇ ಎಚ್ಚರಿಕೆಯ ಗುರುತು ಇಡಬೇಕು. ಅಂತಹ ತಿರುವಿನಲ್ಲಿ ಬಾನೆಟ್ ಎತ್ತಿ ಪರೀಕ್ಷೆಗೆ ಇಳಿಯುವ ಬದಲು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದು ಕ್ಷೇಮ.

ಲಕ್ಷಣ: ರಾತ್ರಿ ನಿಂತ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಳ್ಳುತ್ತದೆ, ಒಮ್ಮೆ ಹತ್ತಿದರೆ ದಿನವಿಡೀ ಸರಿಯಿರುತ್ತದೆ

ಇದನ್ನು ನಮ್ಮ ಕಡೆ ಚಳಿಯ ತಲೆಗೆ ಕಟ್ಟುವುದು ರೂಢಿ. ಮಲೆನಾಡಿನ ಡಿಸೆಂಬರ್ ಚಳಿಗೆ ಬ್ಯಾಟರಿ ಸೋಲಬಹುದು, ಹೀಟರ್ ಪ್ಲಗ್ ಕೆಟ್ಟಿದ್ದರೆ ಎಂಜಿನ್ ತಕರಾರು ಮಾಡಬಹುದು, ಆದರೆ ಡೀಸೆಲ್ ಹೆಪ್ಪುಗಟ್ಟುವಷ್ಟು ಶೀತ ಇಲ್ಲಿ ಬೀಳುವುದಿಲ್ಲ. ಮೊದಲು ಬ್ಯಾಟರಿ ನೋಡಬೇಕು. ರಾತ್ರಿ ನಿಂತ ಮೇಲೆ ಅದು 12.4 ವೋಲ್ಟಿಗಿಂತ ಮೇಲಿರಬೇಕು, ಸೆಲ್ಫ್ ತಿರುಗುವಾಗ 10 ವೋಲ್ಟಿನ ಆಸುಪಾಸಿನಿಂದ ಬಹಳ ಕೆಳಗೆ ಕುಸಿಯಬಾರದು. ಸೆಲ್ಫ್ ನಿಧಾನವಾಗಿ ತಿರುಗಿದರೆ ಪಂಪು ಎಷ್ಟೇ ಚೆನ್ನಾಗಿದ್ದರೂ ಸಾಕಷ್ಟು ಒತ್ತಡ ಏರುವುದಿಲ್ಲ.

ಬ್ಯಾಟರಿ ಸರಿಯಿದ್ದರೆ ಸೈಲೆನ್ಸರಿನ ಬಾಯಿಯನ್ನು ನೋಡುವುದು ಮುಂದಿನ ಹೆಜ್ಜೆ. ಸೆಲ್ಫ್ ತಿರುಗುತ್ತಿರುವಾಗ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ ಎಂದರ್ಥ. ಹೀಟರ್ ಪ್ಲಗ್, ಕಂಪ್ರೆಷನ್, ಟೈಮಿಂಗ್ ಕಡೆ ಗಮನ ಹೋಗಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಹೊರಗೆ ನಿಂತು ನೋಡುವ ಒಬ್ಬರಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಮಾಡದೆಯೇ ಗಾಡಿಯನ್ನು ಟೋ ಮಾಡಿಸಿದವರನ್ನು ನಾನು ಬಲ್ಲೆ.

ಹೊಗೆ ಇಲ್ಲ, ಆದರೆ ಪೈಪಿಗೆ ಕೈಯಿಂದ ಡೀಸೆಲ್ ತುಂಬಿಸುವ ಕೈಪಂಪು ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಗಾಡಿ ತಕ್ಷಣ ಸ್ಟಾರ್ಟ್ ಆಗುತ್ತದೆ ಎಂದಾದರೆ ಉತ್ತರ ಅರ್ಧ ಸಿಕ್ಕಂತೆ. ರಾತ್ರಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿ ಅದರ ಜಾಗದಲ್ಲಿ ಗಾಳಿ ತುಂಬಿಕೊಂಡಿದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಏರ್ ಹಿಡಿದಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಒತ್ತಡವಿರುವುದಿಲ್ಲ, ಎಳೆತವಿರುತ್ತದೆ. ಹಾಗಾಗಿ ಅಲ್ಲಿನ ತೂತು ಡೀಸೆಲನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ಒಳಗೆ ಎಳೆಯುತ್ತದೆ. ನೆಲದ ಮೇಲೆ ಹನಿ ಬಿದ್ದಿಲ್ಲ ಎಂಬುದು ಪೈಪು ಸರಿಯಿದೆ ಎನ್ನಲು ಸಾಕ್ಷಿಯಾಗದು.

ಇದನ್ನು ಕಣ್ಣಾರೆ ನೋಡಲು ಅಂಗಡಿಯಲ್ಲಿ ಸಿಗುವ, ಡೀಸೆಲ್ ತಡೆದುಕೊಳ್ಳುವ ಪಾರದರ್ಶಕ ಪೈಪಿನ ಒಂದು ಗೇಣು ತುಂಡು ಸಾಕು. ಫಿಲ್ಟರಿನಿಂದ ಅಧಿಕ ಒತ್ತಡದ ಪಂಪಿಗೆ ಹೋಗುವ ಕಡಿಮೆ ಒತ್ತಡದ ಪೈಪನ್ನು ಬಿಚ್ಚಿ, ಈ ತುಂಡನ್ನು ನಡುವೆ ಕೂರಿಸಿ, ಕ್ಲಿಪ್ ಬಿಗಿದು, ಏರ್ ತೆಗೆದು ಎಂಜಿನ್ ಹಚ್ಚಬೇಕು. ಮೊದಲ ಒಂದೆರಡು ನಿಮಿಷ ಗುಳ್ಳೆಗಳು ಹರಿಯುವುದು ಸಹಜ. ಬಳಿಕವೂ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುತ್ತಲೇ ಇದ್ದರೆ, ಎಂಜಿನ್ನಿನ ವೇಗ ಹೆಚ್ಚಿಸಿದಾಗ ಅವು ಕೂಡಿಕೊಂಡು ಉದ್ದನೆಯ ಗಾಳಿಯ ತುಂಡುಗಳಾದರೆ, ಎಳೆತದ ಬದಿಯಲ್ಲಿ ತೂತಿದೆ. ಗುಳ್ಳೆಗಳಿಗೆ ಟ್ಯಾಂಕಿನಿಂದ ಇಲ್ಲಿಯವರೆಗಿನ ಯಾವ ಜೋಡಣೆಯೂ ಕಾರಣವಾಗಿರಬಹುದು: ಸಡಿಲ ಕ್ಲಿಪ್, ಫಿಲ್ಟರ್ ಬದಲಿಸುವಾಗ ಮಡಚಿಕೊಂಡ ರಬ್ಬರ್ ರಿಂಗ್, ಕೈಪಂಪಿನ ಒಳಗಿನ ವಾಲ್ವ್, ಟ್ಯಾಂಕಿನ ಮೇಲಿನ ತುಕ್ಕು ಹಿಡಿದ ಕೊಳವೆ. ಒಂದೊಂದೇ ಜೋಡಣೆಯ ಮೇಲೆ ಗ್ರೀಸ್ ದಪ್ಪಗೆ ಸವರಿ ನೋಡುವುದು ಹಳಬರ ಉಪಾಯ. ಯಾವ ಜೋಡಣೆಗೆ ಸವರಿದಾಗ ಗುಳ್ಳೆ ನಿಲ್ಲುತ್ತದೆಯೋ ಅದೇ ತೂತು. ನಮ್ಮ ಗಾಡಿಯ ಇಲಿ ಕಚ್ಚು ಸಿಕ್ಕಿದ್ದೂ ಹೀಗೆಯೇ. ಟ್ಯಾಂಕಿನ ಒಳಗೆ ವಿದ್ಯುತ್ ಪಂಪು ಇರುವ ಗಾಡಿಗಳಲ್ಲಿ ಈ ಪೈಪಿನಲ್ಲಿಯೂ ಕೆಲವು ಬಾರ್ ಒತ್ತಡವಿರುವುದರಿಂದ ಸಾದಾ ಪೈಪು ಹಾಕಬಾರದು.

ಲಕ್ಷಣ: ಹೊರೆಯೊಂದಿಗೆ ಏರು ಹತ್ತುವಾಗ ಮಾತ್ರ ಎಳೆತ ಕಡಿಮೆ

ಏರುಹಾದಿಯ ದೂರಿಗೆ ಮೊದಲ ಪ್ರಶ್ನೆ ಹೊಗೆಯದೇ. ಎಳೆತ ಇಲ್ಲದೆ ಕಪ್ಪು ಹೊಗೆ ದಟ್ಟವಾಗಿ ಬರುತ್ತಿದ್ದರೆ ಡೀಸೆಲ್‌ಗೆ ಕೊರತೆಯಿಲ್ಲ, ಗಾಳಿಗೆ ಕೊರತೆಯಿದೆ: ಧೂಳು ಕಟ್ಟಿದ ಏರ್ ಫಿಲ್ಟರ್, ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ಪೈಪಿನ ಬಿರುಕು. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಎಂಜಿನ್ ಡೀಸೆಲ್‌ಗೆ ಹಸಿದಿದೆ. ಬಿಎಸ್‌6 ಮಾಲಿನ್ಯ ಮಾನದಂಡದ ಗಾಡಿಗಳಲ್ಲಿ ಸೈಲೆನ್ಸರಿನ ಫಿಲ್ಟರ್ ಹೊಗೆಯನ್ನು ಹಿಡಿದುಬಿಡುವುದರಿಂದ ಈ ಗುರುತನ್ನು ಪೂರ್ತಿ ನಂಬುವಂತಿಲ್ಲ.

ಎಳೆತ ತಪ್ಪಿದ ಕೂಡಲೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಬೇಕು. ಮುಚ್ಚಳ ಬಿಚ್ಚುವಾಗ "ಸುಯ್" ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಜೋರಾಗಿ ಕೇಳಿ, ಆಮೇಲೆ ಗಾಡಿ ಕೆಲವು ಮೈಲಿ ಚೆನ್ನಾಗಿ ಎಳೆದರೆ, ಮುಚ್ಚಳದ ಗಾಳಿರಂಧ್ರ ಕೆಸರಿನಿಂದಲೋ ಧೂಳಿನಿಂದಲೋ ಮುಚ್ಚಿದೆ. ಡೀಸೆಲ್ ಖಾಲಿಯಾದಂತೆ ಅದರ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪಂಪು ಎಳೆಯಲಾರದೆ ಸೋಲುತ್ತದೆ. ಮುಚ್ಚಳ ತೊಳೆದರೆ ಅಥವಾ ಬದಲಿಸಿದರೆ ಕೆಲಸ ಮುಗಿಯಿತು.

ನಂತರದ ಸರದಿ ಫಿಲ್ಟರಿನದು. ಕೈಪಿಡಿ ಹೇಳಿದ ಕಿಲೋಮೀಟರಿಗೆ ಬದಲಿಸಿದ್ದೇನೆ ಎಂಬ ಸಮಾಧಾನ ಇಲ್ಲಿ ಸಾಲದು, ಏಕೆಂದರೆ ತೋಟಗಳಲ್ಲಿ ಬ್ಯಾರೆಲ್ಲಿನಿಂದ ಕ್ಯಾನಿಗೆ, ಕ್ಯಾನಿನಿಂದ ಟ್ಯಾಂಕಿಗೆ ಡೀಸೆಲ್ ಸುರಿಯುವ ರೂಢಿಯಿದೆ. ಮಳೆಗಾಲದಲ್ಲಿ ಆ ಬ್ಯಾರೆಲ್ಲಿನ ಮುಚ್ಚಳದ ಮೇಲೆ ನಿಂತ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಫಿಲ್ಟರಿನ ತಳದಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಲೋಟದಷ್ಟು ಡೀಸೆಲನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿದು, ಅಲುಗಿಸದೆ 10 ನಿಮಿಷ ಬಿಟ್ಟು, ಬಿಸಿಲಿಗೆ ಅಡ್ಡಲಾಗಿ ಹಿಡಿಯಬೇಕು. ಶುದ್ಧ ಡೀಸೆಲ್ ತಿಳಿಯಾಗಿ, ಒಂದೇ ಬಣ್ಣದಲ್ಲಿ ಕಾಣುತ್ತದೆ. ನೀರಿದ್ದರೆ ತಳದಲ್ಲಿ ಗೆರೆ ಕೊರೆದಂತೆ ಬೇರೆಯ ಪದರ ನಿಲ್ಲುತ್ತದೆ. ಬಾಟಲಿ ಓರೆ ಮಾಡಿದರೆ ಆ ಪದರ ಪಾದರಸದಂತೆ ಗುಂಡಾಗಿ ಜಾರುತ್ತದೆ. ಗೆರೆಯ ಜಾಗದಲ್ಲಿ ಕಪ್ಪು ಲೋಳೆ ತೇಲುತ್ತಿದ್ದರೆ ಅದು ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದ್ದು. ಬರೀ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ, ಟ್ಯಾಂಕ್ ಇಳಿಸಿ ತೊಳೆಸಲೇಬೇಕು.

ಬಾಟಲಿಯ ತಳದಲ್ಲಿ ಚಿನ್ನದ ಪುಡಿಯಂತೆಯೋ ಬೆಳ್ಳಿಯ ಪುಡಿಯಂತೆಯೋ ಮಿನುಗು ಕಂಡರೆ ಅಲ್ಲಿಗೆ ಎಲ್ಲ ಪರೀಕ್ಷೆಯನ್ನೂ ನಿಲ್ಲಿಸಬೇಕು. ಒಂದು ಅಯಸ್ಕಾಂತವನ್ನು ಬಾಟಲಿಯ ಹೊರಗಿನಿಂದ ಆಡಿಸಿದಾಗ ಪುಡಿ ಹಿಂಬಾಲಿಸಿದರೆ ಅದು ಉಕ್ಕು; ಯಾವುದೋ ಪಂಪು ಒಳಗೊಳಗೇ ಸವೆದು ಪುಡಿಯಾಗುತ್ತಿದೆ. ಅಯಸ್ಕಾಂತಕ್ಕೆ ಅಂಟದ ಲೋಹವೂ ಇರಬಹುದಾದ್ದರಿಂದ ಅಂಟಲಿಲ್ಲ ಎಂದು ನಿಶ್ಚಿಂತರಾಗಬಾರದು. ಇಂತಹ ಗಾಡಿಯನ್ನು ಮತ್ತೆ ಓಡಿಸಿದರೆ ಆ ಪುಡಿ ರೈಲು, ಇಂಜೆಕ್ಟರ್, ಉಳಿದ ಡೀಸೆಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪು, ಟ್ಯಾಂಕು ಎಲ್ಲಕ್ಕೂ ಹರಡಿ ಖರ್ಚು ಹಲವು ಪಟ್ಟು ಏರುತ್ತದೆ.

ಫಿಲ್ಟರ್ ಸರಿಯಿದ್ದು, ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗಿದ್ದಾಗ ಮಾತ್ರ, ಅದೂ ಮೂತಿ ಮೇಲಾದ ಏರಿನಲ್ಲಿ ಮಾತ್ರ ತೊಂದರೆ ಬರುತ್ತಿದ್ದರೆ ಟ್ಯಾಂಕಿನೊಳಗಿನ ಎಳೆಕೊಳವೆ ಬಿರುಕು ಬಿಟ್ಟಿರುವ ಸಂಭವ ಹೆಚ್ಚು. ಇದಕ್ಕೆ ಪರೀಕ್ಷೆ ಸುಲಭ: ಟ್ಯಾಂಕ್ ತುಂಬಿಸಿ ಅದೇ ಹೊರೆಯಲ್ಲಿ ಅದೇ ಏರು ಹತ್ತಿ ನೋಡುವುದು. ಟ್ಯಾಂಕು ತುಂಬಿದ್ದರೂ ತೊಂದರೆ ಹೋಗದಿದ್ದರೆ ಎಳೆಕೊಳವೆಯ ಬಾಯಿಯ ಜಾಲರಿ ಕಸದಿಂದ ಕಟ್ಟಿದೆಯೇ ಎಂದು ನೋಡಬೇಕು.

ಇವೆಲ್ಲವನ್ನೂ ಒಂದೇ ಏಟಿಗೆ ಬೇರ್ಪಡಿಸಿ ನೋಡುವ ವಿಧಾನ ಕ್ಯಾನ್ ಪರೀಕ್ಷೆ. ಟ್ಯಾಂಕಿನಲ್ಲಿ ವಿದ್ಯುತ್ ಪಂಪು ಇಲ್ಲದ ಗಾಡಿಗಳಿಗೆ ಇದು ಹೊಂದುತ್ತದೆ. ತೊಳೆದು ಒಣಗಿಸಿದ 5 ಲೀಟರಿನ ಕ್ಯಾನಿಗೆ ಶುದ್ಧ ಡೀಸೆಲ್ ಹಾಕಿ, ಎಂಜಿನ್ನಿನ ಬಿಸಿ ಭಾಗಗಳಿಂದ ದೂರ ಭದ್ರವಾಗಿ ಕಟ್ಟಿ, ಟ್ಯಾಂಕಿನಿಂದ ಬರುವ ಪೈಪಿನ ಬದಲು ಕ್ಯಾನಿನ ಪೈಪನ್ನು ಜೋಡಿಸಿ, ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಬೇಕು. ಗಾಡಿ ನಿಂತಲ್ಲೇ ಎಂಜಿನ್ ಹಚ್ಚಿ ವೇಗ ಏರಿಸಿ ನೋಡಿದಾಗ ಮೊದಲಿದ್ದ ತಡವರಿಕೆ ಮಾಯವಾದರೆ ದೋಷ ಟ್ಯಾಂಕು ಮತ್ತು ಪೈಪಿನದು. ಕ್ಯಾನಿನಿಂದಲೂ ಅದೇ ತಡವರಿಕೆಯಾದರೆ ಆಗ ಪಂಪಿನತ್ತ ಬೆರಳು ತೋರಿಸಲು ಒಂದು ಆಧಾರ ಸಿಕ್ಕಂತಾಯಿತು. ಕ್ಯಾನ್ ಕಟ್ಟಿಕೊಂಡು ರಸ್ತೆಗೆ ಇಳಿಯಬಾರದು.

ಲಕ್ಷಣ: ಬಿಸಿಯಾದ ಮೇಲೆ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ

ಇದು ಮೂವರು ಬೇರೆಬೇರೆ ಆರೋಪಿಗಳು ಒಂದೇ ವೇಷದಲ್ಲಿ ಬರುವ ಲಕ್ಷಣ. ವಿದ್ಯುತ್ ಫೀಡ್ ಪಂಪಿನ ಮೋಟಾರು ಸವೆದಿದ್ದರೆ ಬಿಸಿಗೆ ನಿಂತು, ತಣಿದ ಮೇಲೆ ತಿರುಗುತ್ತದೆ. ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಸಿಗ್ನಲ್ ಕೊಡುವುದನ್ನು ನಿಲ್ಲಿಸಿದರೂ ಎಂಜಿನ್ ಹೀಗೆಯೇ ಆಫ್ ಆಗುತ್ತದೆ; ಸೆಲ್ಫ್ ತಿರುಗುವಾಗ ಮೀಟರಿನ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಸಂಶಯ ಸೆನ್ಸರಿನ ಮೇಲೆ ಬಲವಾಗುತ್ತದೆ. ಮೂರನೆಯದು ಹಳೆಯ ರೋಟರಿ ಪಂಪು. ಅದರ ಹೆಡ್ ಮತ್ತು ರೋಟರಿನ ನಡುವೆ ಸವೆತ ಹೆಚ್ಚಿದಾಗ, ಬಿಸಿಗೆ ತೆಳುವಾದ ಡೀಸೆಲ್ ಒಳಗೇ ಸೋರಿ ಇಂಜೆಕ್ಟರಿಗೆ ಹೋಗುವ ಒತ್ತಡ ಏರುವುದಿಲ್ಲ. ತಣ್ಣಗಿನ ಎಂಜಿನ್ ಚೆನ್ನಾಗಿ ಹತ್ತಿ, ಬಿಸಿ ಎಂಜಿನ್ ಮಾತ್ರ ಹತ್ತದಿದ್ದರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾಲು ಗಂಟೆ ಕಾಯಬೇಕು. ಎಂಜಿನ್ನಿನ ಉಳಿದ ಭಾಗ ಇನ್ನೂ ಬಿಸಿಯಿರುವಾಗಲೇ ಸ್ಟಾರ್ಟ್ ಆದರೆ ಪಂಪಿನ ಸವೆತ ಖಚಿತವೆನ್ನಬಹುದು. ಬಿಸಿ ಪಂಪಿನ ಮೇಲೆ ಕೊಡದಿಂದ ತಣ್ಣೀರು ಸುರಿಯುವವರನ್ನು ನೋಡಿದ್ದೇನೆ. ಕೂದಲೆಳೆಯ ಅಂತರದಲ್ಲಿ ಕೂತ ಭಾಗಗಳು ಒಮ್ಮೆಲೇ ಕುಗ್ಗಿ ಸೀಝ್ ಆಗಬಹುದು.

ಲಕ್ಷಣ: ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದೇ ಇಲ್ಲ

ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ ಎಂದು ಮೊದಲು ನೋಡುವುದು ತಮಾಷೆಯ ಮಾತಲ್ಲ. ಮೀಟರಿನ ಮುಳ್ಳು ಅರ್ಧಕ್ಕೆ ಸಿಕ್ಕಿಕೊಂಡ ಗಾಡಿಗಳು ಬೇಕಾದಷ್ಟಿವೆ. ಕೀ ತಿರುಗಿಸಿ ಸೆಲ್ಫ್ ಹೊಡೆಯದೆ ನಿಂತರೆ, ವಿದ್ಯುತ್ ಫೀಡ್ ಪಂಪಿರುವ ಗಾಡಿಯಲ್ಲಿ ಟ್ಯಾಂಕಿನ ಕಡೆಯಿಂದ ಕೆಲವು ಸೆಕೆಂಡು "ಗುಂಯ್" ಎಂಬ ಸದ್ದು ಬರಬೇಕು. ಸದ್ದು ಇಲ್ಲದಿದ್ದರೆ ಫ್ಯೂಸ್ ನೋಡಿ, ಅದೇ ನಂಬರಿನ ಇನ್ನೊಂದು ರಿಲೇಯನ್ನು ಆ ಜಾಗಕ್ಕೆ ಹಾಕಿ ಪರೀಕ್ಷಿಸಬೇಕು. ಆಮೇಲೆ ಪಂಪಿನ ಕನೆಕ್ಟರನ್ನು ಬಿಚ್ಚದೆ, ಪಂಪಿಗೆ ಕರೆಂಟ್ ಹೋಗುತ್ತಿರುವಾಗಲೇ ಹಿಂದಿನಿಂದ ಮೀಟರ್ ತಾಗಿಸಿ ವೋಲ್ಟೇಜ್ ನೋಡಬೇಕು. ಬ್ಯಾಟರಿಯಲ್ಲಿರುವುದಕ್ಕಿಂತ ಒಂದು ವೋಲ್ಟಿಗಿಂತಲೂ ಜಾಸ್ತಿ ಇಳಿದಿದ್ದರೆ ಪಂಪಿನದಲ್ಲ, ವೈರಿಂಗಿನ ದೋಷ. ಮಳೆನೀರು ಕುಡಿದು ಹಸಿರು ಪಾಚಿಯಂತಾದ ಕನೆಕ್ಟರ್, ತುಕ್ಕು ಹಿಡಿದ ಅರ್ಥ್ ಬೋಲ್ಟ್ ಸಾಮಾನ್ಯ ಕಾರಣಗಳು. ಪೂರ್ತಿ ವೋಲ್ಟೇಜ್ ಬರುತ್ತಿದ್ದೂ ಸದ್ದಿಲ್ಲದಿದ್ದರೆ ಪಂಪು ಸತ್ತಿದೆ.

ಹಳೆಯ ಯಾಂತ್ರಿಕ ಪಂಪುಗಳಲ್ಲಿ, ಕೀ ಆಫ್ ಮಾಡಿದಾಗ ಡೀಸೆಲ್ ತಡೆಯುವ ವಿದ್ಯುತ್ ವಾಲ್ವ್ ಆದ ಸ್ಟಾಪ್ ಸೊಲೆನಾಯ್ಡ್ ಮೊದಲ ಸಂಶಯ. ಕೀ ಆನ್ ಮಾಡಿದಾಗ ಪಂಪಿನ ಬಳಿ "ಟಿಕ್" ಸದ್ದು ಬರದಿದ್ದರೆ ಅದಕ್ಕೆ 12 ವೋಲ್ಟ್ ಬರುತ್ತಿದೆಯೇ ಎಂದು ನೋಡಬೇಕು. ಇಷ್ಟು ಸಣ್ಣ ಬಿಡಿಭಾಗಕ್ಕಾಗಿ ಇಡೀ ಪಂಪು ಇಳಿಸಿದ ಪ್ರಸಂಗಗಳು ಕಡಿಮೆಯೇನಲ್ಲ.

ಕಾಮನ್ ರೈಲ್ ಗಾಡಿಗೆ ಸ್ಕ್ಯಾನರ್ ಬೇಕೇ ಬೇಕು. ಪಿ0087 ಎಂಬ ಕೋಡ್ ಬಂದರೆ ರೈಲಿನ ಒತ್ತಡ ಬೇಕಾದಷ್ಟಿಲ್ಲ ಎಂದಷ್ಟೇ ಅರ್ಥ. ಪಂಪು ಕೆಟ್ಟಿದೆ ಎಂದು ಆ ಕೋಡ್ ಹೇಳುವುದಿಲ್ಲ. ಪಿ0230 ಬಂದರೆ ಫೀಡ್ ಪಂಪಿನ ವಿದ್ಯುತ್ ಸರ್ಕ್ಯೂಟಿನಲ್ಲಿ ದೋಷ. ಹಲವು ಎಂಜಿನ್‌ಗಳಲ್ಲಿ ಸೆಲ್ಫ್ ತಿರುಗುವಾಗ ಸುಮಾರು 200 ಬಾರ್ ಆದರೂ ಬರದಿದ್ದರೆ ಇಸಿಎಂ ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ, ಐಡಲಿನಲ್ಲಿ 250ರಿಂದ 350 ಬಾರ್ ಸಾಮಾನ್ಯ. ಒತ್ತಡ ಏರದಿದ್ದರೆ ಮುಂದೆ ಮಾಡಬೇಕಾದದ್ದು ರಿಟರ್ನ್ ಪರೀಕ್ಷೆ. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನೂ ಬೇರೆಬೇರೆ ಒಂದೇ ಅಳತೆಯ ಬಾಟಲಿಗೆ ಬಿಟ್ಟು ನೋಡಿದಾಗ, ಮೂರು ಬಾಟಲಿಯಲ್ಲಿ ಬೆರಳಗಲ ಡೀಸೆಲ್ ಇದ್ದು ಒಂದು ಮಾತ್ರ ತುಂಬಿ ಬಂದರೆ ಕಳ್ಳ ಆ ಇಂಜೆಕ್ಟರ್. ಪಂಪು ತುಂಬಿದ ಒತ್ತಡವನ್ನೆಲ್ಲ ಅದು ಹಿಂದಕ್ಕೆ ಸುರಿಯುತ್ತಿದೆ. ಹೊಸ ಪಂಪು ಹಾಕಿದರೂ ಅದೇ ಕಥೆ. ಹಳೆಯ ಎಂಜಿನ್‌ಗಳಲ್ಲಿ ಏರ್ ತೆಗೆಯಲು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುತ್ತಿದ್ದ ಪದ್ಧತಿಯನ್ನು ಕಾಮನ್ ರೈಲಿನಲ್ಲಿ ಎಂದಿಗೂ ಮಾಡಬಾರದು.

ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ ನಡುವೆ ಅರ್ಧ ನಿಮಿಷವಾದರೂ ಬಿಡಬೇಕು, ಇಲ್ಲವಾದರೆ ಪಂಪಿನ ಜೊತೆಗೆ ಸೆಲ್ಫ್ ಮೋಟಾರನ್ನೂ ಕೊಳ್ಳಬೇಕಾದೀತು.

ಲಕ್ಷಣ: ಎಂಜಿನ್ ಆಯಿಲ್ ತಾನಾಗಿ ಏರುತ್ತಿದೆ, ಡೀಸೆಲ್ ವಾಸನೆ ಬರುತ್ತಿದೆ

ಎಂಜಿನ್ನಿನಿಂದ ಓಡುವ ಯಾಂತ್ರಿಕ ಫೀಡ್ ಪಂಪಿನ ಡಯಾಫ್ರಮ್ ಹರಿದರೆ ಅಥವಾ ಅಧಿಕ ಒತ್ತಡದ ಪಂಪಿನ ಶಾಫ್ಟ್ ಸೀಲ್ ಸೋತರೆ ಡೀಸೆಲ್ ನೇರವಾಗಿ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗೆರೆ ದಾಟಿದ್ದರೆ, ಆಯಿಲ್ ಬೆರಳಿಗೆ ನೀರಿನಂತೆ ತೆಳುವಾಗಿ ತಾಗಿದರೆ ಎಂಜಿನ್ ಹಚ್ಚಲೇಬಾರದು. ಬೇರಿಂಗುಗಳು ಸವೆಯುವುದು ಒಂದೆಡೆಯಾದರೆ, ಹೆಚ್ಚಾದ ಆಯಿಲನ್ನೇ ಎಂಜಿನ್ ಇಂಧನದಂತೆ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ವೇಗ ಏರಿಸಿಕೊಳ್ಳುವ ಅಪಾಯ ಇನ್ನೊಂದೆಡೆ. ಬಿಎಸ್‌6 ಗಾಡಿಗಳಲ್ಲಿ ಸೈಲೆನ್ಸರ್ ಫಿಲ್ಟರ್ ಸ್ವಚ್ಛವಾಗುವ ಪ್ರಕ್ರಿಯೆ ಅರ್ಧಕ್ಕೆ ನಿಂತಾಗಲೂ ಆಯಿಲಿಗೆ ಡೀಸೆಲ್ ಸೇರುವುದುಂಟು. ಅದನ್ನು ಪರಿಶೀಲಿಸದೆ ಪಂಪನ್ನು ದೂರಬಾರದು.

ತಪ್ಪು ಇಂಧನ ಬಿದ್ದಿದ್ದರೆ

ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಅಥವಾ ಹೊಗೆ ಶುದ್ಧಿಗೆಂದು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ ಬಿದ್ದಿದೆ ಎಂದು ಗೊತ್ತಾದ ಕ್ಷಣದಿಂದ ಕೀ ಮುಟ್ಟಬಾರದು. ಬಹುತೇಕ ಪಂಪುಗಳಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅವುಗಳ ಎಣ್ಣೆ. ಪೆಟ್ರೋಲಿಗೆ ಆ ಜಿಡ್ಡಿನ ಗುಣವಿಲ್ಲ, ಸೀಮೆಎಣ್ಣೆಗೂ ಸಾಲದು. ಗಂಧಕದ ಮಿತಿ ಬಿಎಸ್‌4ರಲ್ಲಿದ್ದ 50 ಪಿಪಿಎಂನಿಂದ 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್‌6ರಲ್ಲಿ 10 ಪಿಪಿಎಂಗೆ ಇಳಿದಿದೆ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಿಡ್ಡೂ ಕಡಿಮೆಯಾಗುವುದರಿಂದ ಅದನ್ನು ಬೇರೆ ರಾಸಾಯನಿಕ ಸೇರಿಸಿ ಸರಿದೂಗಿಸಲಾಗಿರುತ್ತದೆ. ಅಂತಹ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿ ಉಳಿಸುವ ದುಡ್ಡು ಪಂಪಿನ ಹೊಟ್ಟೆಗೇ ಹೋಗುತ್ತದೆ.

ಪಂಪು ಬದಲಿಸುವುದೇ ಆದರೆ

ಫೀಡ್ ಪಂಪನ್ನು ಕೈಚಳಕವಿರುವ ಮಾಲೀಕರು ತಾವೇ ಬದಲಿಸಬಹುದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟ್ಯಾಂಕಿನೊಳಗಿನ ಪಂಪಾದರೆ ಡೀಸೆಲ್ ಕಾಲು ಭಾಗಕ್ಕಿಂತ ಕೆಳಗಿರುವಂತೆ ನೋಡಿಕೊಂಡು, ಬಿಚ್ಚುವ ಮೊದಲೇ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆಯಬೇಕು. ಪೈಪುಗಳ ಜಾಗವನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಒಳ ಮತ್ತು ರಿಟರ್ನ್ ಪೈಪು ಅದಲುಬದಲಾಗುವುದಿಲ್ಲ. ಎಂಜಿನ್ ಬದಿಯ ಯಾಂತ್ರಿಕ ಪಂಪಾದರೆ, ಒಳಗಿನ ತೂತಿನಲ್ಲಿ ಡೀಸೆಲ್ ಹರಿಯುವ ಬ್ಯಾಂಜೋ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಮತ್ತು ಪಂಪಿನ ಗ್ಯಾಸ್ಕೆಟ್ ಹೊಸದೇ ಆಗಿರಬೇಕು. ಹಳೆಯ ವಾಷರನ್ನು ತಿರುಗಿಸಿ ಹಾಕುವ ಉಳಿತಾಯ ಮತ್ತೆ ಏರ್ ಹಿಡಿಯುವುದರಲ್ಲಿ ಮುಗಿಯುತ್ತದೆ. ಪಂಪು ತನ್ನ ಜಾಗದಲ್ಲಿ ಸಮನಾಗಿ ಕೂರದೆ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳುತ್ತಿದ್ದರೆ ಬೋಲ್ಟಿನ ಬಲದಿಂದ ಎಳೆಯದೆ, ಎಂಜಿನ್ನನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ ಕ್ಯಾಮ್ ತಗ್ಗಿದ ಜಾಗಕ್ಕೆ ತಂದು ಕೂರಿಸಬೇಕು.

ಅಧಿಕ ಒತ್ತಡದ ಪಂಪು ಮನೆಯಂಗಳದ ಕೆಲಸವಲ್ಲ. ಹಳೆಯ ಎಂಜಿನ್‌ಗಳಲ್ಲಿ ಇದರ ಟೈಮಿಂಗ್ ಒಂದೆರಡು ಡಿಗ್ರಿ ತಪ್ಪಿದರೂ ಬಡಿತ, ಹೊಗೆ, ಎಳೆತದ ನಷ್ಟ ಎಲ್ಲವೂ ಬರುತ್ತವೆ. ಕಾಮನ್ ರೈಲಿನಲ್ಲಿ ಪಂಪನ್ನು ಓಡಿಸುವ ಗೇರು ಅಥವಾ ಚೈನನ್ನು ಲಾಕ್ ಮಾಡುವ ಉಪಕರಣ ಬೇಕು, ಹಲವು ತಯಾರಕರ ಪ್ರಕಾರ ಒಮ್ಮೆ ಬಿಚ್ಚಿದ ಒತ್ತಡದ ಪೈಪನ್ನು ಮತ್ತೆ ಬಳಸುವಂತಿಲ್ಲ, ಕೆಲವು ಗಾಡಿಗಳಲ್ಲಿ ಹೊಸ ಪಂಪನ್ನು ಸ್ಕ್ಯಾನರಿನಿಂದ ಇಸಿಎಂಗೆ ಕಲಿಸಬೇಕು. ಕ್ಯಾಲಿಬ್ರೇಷನ್ ಬೆಂಚ್ ಇರುವ ಡೀಸೆಲ್ ಪಂಪ್ ವರ್ಕ್‌ಶಾಪಿಗೆ ಒಪ್ಪಿಸಿ, ಬೆಂಚಿನ ಮೇಲೆ ಹಳೆಯ ಪಂಪಿನ ಪರೀಕ್ಷಾ ಚೀಟಿಯನ್ನು ಲಿಖಿತವಾಗಿ ಪಡೆಯುವುದು ಗ್ರಾಹಕರ ಹಕ್ಕು. ಚೀಟಿ ಕೊಡಲು ಹಿಂದೇಟು ಹಾಕುವ ಕಡೆ ಪಂಪು ಬಿಡುವುದು ನನಗೆ ಸರಿಕಾಣದು. ಮಿನುಗು ಪುಡಿ ಕಂಡ ಗಾಡಿಗಾದರೆ ಟ್ಯಾಂಕು, ಪೈಪು, ರೈಲು ತೊಳೆಯದೆ, ಇಂಜೆಕ್ಟರ್ ಪರೀಕ್ಷಿಸದೆ ಹೊಸ ಪಂಪು ಹಾಕಿಸಲೇಬಾರದು.

ಯಾವ ಪಂಪೇ ಆಗಲಿ, ಒಣಗಿದ ಪಂಪನ್ನು ಸೆಲ್ಫ್ ಹೊಡೆದು ತುಂಬಿಸಬಾರದು. ಹೊಸ ಫಿಲ್ಟರ್ ಹಾಕಿ, ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಅಥವಾ ವಿದ್ಯುತ್ ಪಂಪಾದರೆ ಕೀಯನ್ನು ಹಲವು ಬಾರಿ ಆನ್ ಮಾಡಿ ಆಫ್ ಮಾಡಿ, ಏರ್ ಸ್ಕ್ರೂನಲ್ಲಿ ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಐಡಲಿನಲ್ಲಿ 10 ನಿಮಿಷ ಬಿಟ್ಟು, ನಿಲ್ಲಿಸಿ, ಜೋಡಣೆಗಳನ್ನು ಒಣಬಟ್ಟೆಯಿಂದ ಒರೆಸಿ ಒದ್ದೆ ಬರುತ್ತದೆಯೇ ಎಂದು ನೋಡಬೇಕು. ಖಾಲಿ ಗಾಡಿಯನ್ನು ಊರೊಳಗೆ ಒಂದು ಸುತ್ತು ಓಡಿಸಿ "ಸರಿಯಾಯಿತು" ಎಂದು ಒಪ್ಪಿಕೊಳ್ಳಬಾರದು. ಮೊದಲು ಸೋತಿದ್ದ ಅದೇ ಏರಿಗೆ, ಅದೇ ಹೊರೆಯೊಂದಿಗೆ, ಸಾಧ್ಯವಾದರೆ ಸ್ಕ್ಯಾನರ್ ಹಚ್ಚಿಕೊಂಡು ಹೋಗಿ ಬರಬೇಕು. ರಾತ್ರಿ ನಿಲ್ಲಿಸಿ ಬೆಳಗಿನ ಸ್ಟಾರ್ಟನ್ನೂ ನೋಡಬೇಕು. ಅಧಿಕ ಒತ್ತಡದ ಪಂಪು ಬದಲಾಗಿದ್ದರೆ ಸಾವಿರ ಕಿಲೋಮೀಟರಿನೊಳಗೆ ಫಿಲ್ಟರಿನಿಂದ ಇನ್ನೊಂದು ಬಾಟಲಿ ಡೀಸೆಲ್ ಹಿಡಿದು ಬಿಸಿಲಿಗೆ ಎತ್ತಿ ನೋಡಿ, ಮಿನುಗು ಕಂಡರೆ ಆ ಬಾಟಲಿ, ಹಳೆಯ ಪಂಪು ಮತ್ತು ವಾರಂಟಿ ಚೀಟಿಯೊಂದಿಗೆ ಅಂದೇ ವರ್ಕ್‌ಶಾಪಿಗೆ ಹೋಗಬೇಕು.